ಒತ್ತಡ ಜಾಸ್ತಿಯಾದರೆ ಅಡ್ರಿನಲ್ ಗ್ರಂಥಿ ಬತ್ತಿಹೋಗುತ್ತದೆಯೇ?

ಪ್ರಶ್ನೆ: ಡಾಕ್ಟ್ರೇ, ನನಗೆ 41 ವರ್ಷ. ಎರಡು ವರ್ಷದಿಂದ ಅಮ್ಮ ಹಾಸಿಗೆ ಹಿಡಿದಿದ್ದಾರೆ. ಹಗಲು ಆಫೀಸು, ರಾತ್ರಿ ಅಮ್ಮನ ಆರೈಕೆ. ಮೊದಮೊದಲು ಹೇಗೋ ನಿಭಾಯಿಸಿದೆ. ಈಗ ಏಳೆಂಟು ತಿಂಗಳಿಂದ ಬೆಳಿಗ್ಗೆ ಏಳುವುದೇ ಕಷ್ಟವಾಗಿದೆ. ಎಂಟು ಗಂಟೆ ಹಾಸಿಗೆಯಲ್ಲಿದ್ದರೂ ಮಲಗಿದ ಹಾಗೇ ಅನಿಸುವುದಿಲ್ಲ. ಮಧ್ಯಾಹ್ನ ಮೂರಕ್ಕೆ ಕಣ್ಣು ಎಳೆಯುತ್ತದೆ, ಸಿಹಿ ಬೇಕೆನಿಸುತ್ತದೆ, ಕಾಫಿ ಕುಡಿದು ಕೆಲಸ ಮುಗಿಸುತ್ತೇನೆ. ರಾತ್ರಿ ಹತ್ತೂವರೆಯಾದರೆ ಮಾತ್ರ ತಲೆ ಚುರುಕಾಗುತ್ತದೆ. ಇಂಟರ್ನೆಟ್ಟಿನಲ್ಲಿ ಒಂದು ಪ್ರಶ್ನಾವಳಿ ತುಂಬಿದೆ. 'ಅಡ್ರಿನಲ್ ಫಟೀಗ್, ಮೂರನೇ ಹಂತ' ಅಂತ ಬಂತು, ಅಂದರೆ ಒತ್ತಡದಿಂದ ಅಡ್ರಿನಲ್ ಗ್ರಂಥಿ ದಣಿದುಹೋಗಿದೆಯಂತೆ. ನಾಲ್ಕು ಹೊತ್ತಿನ ಜೊಲ್ಲು ಪರೀಕ್ಷೆ ಮಾಡಿಸಿ, 'ಅಡ್ರಿನಲ್ ಸಪೋರ್ಟ್' ಕ್ಯಾಪ್ಸೂಲ್ ತಗೊಳ್ಳಿ ಅನ್ನುತ್ತಾರೆ. ನಾನೇ ಲ್ಯಾಬಿಗೆ ಹೋಗಿ ರಕ್ತದಲ್ಲಿ ಕಾರ್ಟಿಸೋಲ್ (ಅಡ್ರಿನಲ್ ಗ್ರಂಥಿಯ ಹಾರ್ಮೋನ್) ಟೆಸ್ಟ್ ಮಾಡಿಸಿದೆ, 7.8 ಬಂತು. ರಿಪೋರ್ಟ್ ಕಳಿಸಿದ್ದೇನೆ. ನಮ್ಮ ಫ್ಯಾಮಿಲಿ ಡಾಕ್ಟರು ನೋಡಿ 'ನಾರ್ಮಲ್, ಟೆನ್ಷನ್ ಬಿಡಿ' ಅಂದರು. ಯಾರನ್ನು ನಂಬಲಿ? ಗ್ರಂಥಿ ಪೂರ್ತಿ ಹಾಳಾಗಿಬಿಟ್ಟಿದ್ದರೆ? ಅಂದ ಹಾಗೆ ನನಗೆ ಆಸ್ತಮಾ ಇದೆ, ಇನ್ಹೇಲರ್ ದಿನಾ ತಗೊಳ್ಳುತ್ತೇನೆ. ಹೋದ ವರ್ಷ ಜಾಸ್ತಿಯಾದಾಗಲೆಲ್ಲ ಸ್ಟೀರಾಯ್ಡ್ ಮಾತ್ರೆ ಕೊಟ್ಟಿದ್ದರು. ಐದಾರು ಸಲ ಇರಬಹುದು, ಪ್ರತಿ ಸಲ ಒಂದು ವಾರ.

ಉತ್ತರ: ಮೊದಲು ನಿಮ್ಮ ಭಯಕ್ಕೆ ಉತ್ತರ ಕೊಟ್ಟುಬಿಡುತ್ತೇನೆ. ಎಷ್ಟೇ ಚಿಂತೆ ಮಾಡಿದರೂ, ಎಷ್ಟೇ ವರ್ಷ ಒತ್ತಡದಲ್ಲಿ ದುಡಿದರೂ, ಅದೊಂದರಿಂದಲೇ ಅಡ್ರಿನಲ್ ಗ್ರಂಥಿ ಬಾವಿ ಬತ್ತಿದ ಹಾಗೆ ಬತ್ತಿಹೋಗುವುದಿಲ್ಲ. ಹಾಗಂತ ನಿಮ್ಮ ಸುಸ್ತು ಸುಳ್ಳೂ ಅಲ್ಲ, ಬರೀ ಮನಸ್ಸಿನದೂ ಅಲ್ಲ. ಇನ್ನು, 'ಅಂದ ಹಾಗೆ' ಅಂತ ಕೊನೆಗೆ ಬರೆದಿದ್ದೀರಲ್ಲ, ನಾನು ನಿಂತು ಎರಡು ಸಲ ಓದಿದ್ದು ಅದನ್ನೇ. ನಿಮ್ಮ ವಿಷಯದಲ್ಲಿ ಅಡ್ರಿನಲ್ ಗ್ರಂಥಿಯ ಬಗ್ಗೆ ಯೋಚಿಸಲು ಕಾರಣ ಇದ್ದರೆ ಅದು ಒತ್ತಡವಲ್ಲ, ಆ ಸ್ಟೀರಾಯ್ಡ್ ಮಾತ್ರೆ. ಅದಕ್ಕೆ ಆಮೇಲೆ ಬರುತ್ತೇನೆ.

'ಅಡ್ರಿನಲ್ ಫಟೀಗ್' ಅನ್ನುವ ಹೆಸರು ಹಳೆಯದೇನಲ್ಲ. 1998ರಲ್ಲಿ ಅಮೆರಿಕದ ಒಬ್ಬ ಕೈರೋಪ್ರಾಕ್ಟರ್ (ಬೆನ್ನುಮೂಳೆ, ಕೀಲುಗಳನ್ನು ಕೈಯಿಂದ ಒತ್ತಿ ಚಿಕಿತ್ಸೆ ಮಾಡುವವರು) ಅದನ್ನು ಚಾಲ್ತಿಗೆ ತಂದರು. ಆದರೆ ಅದರ ಹಿಂದಿನ ಯೋಚನೆಗೆ ಒಂದು ಹಳೆಯ ಬೇರು ಇದೆ. 1936ರಲ್ಲಿ ಕೆನಡಾದ ಮಾಂಟ್ರಿಯಲ್‌ನಲ್ಲಿದ್ದ ಹ್ಯಾನ್ಸ್ ಸೆಲ್ಯೆ ಎಂಬ ವಿಜ್ಞಾನಿ ಇಲಿಗಳನ್ನು ಚಳಿಗೆ, ಗಾಯಕ್ಕೆ, ವಿಪರೀತ ದಣಿವಿಗೆ ಒಡ್ಡಿ ನೋಡಿದರು. ದೇಹ ಮೊದಲು ಬೆಚ್ಚಿಬೀಳುತ್ತದೆ, ಆಮೇಲೆ ಹೊಂದಿಕೊಳ್ಳುತ್ತದೆ, ಒತ್ತಡ ಮುಗಿಯದೇ ಇದ್ದರೆ ಕೊನೆಗೆ ಸೋಲುತ್ತದೆ ಅಂತ ಮೂರು ಹಂತಗಳನ್ನು ಹೇಳಿದರು. ನೀವು ತುಂಬಿದಂಥ ಪ್ರಶ್ನಾವಳಿಗಳಲ್ಲಿ ಕಾಣುವ ಹಂತಗಳು ಈ ಮೂರನ್ನೇ ನೆನಪಿಸುತ್ತವೆ. ತಮಾಷೆಯೆಂದರೆ, ಒತ್ತಡಕ್ಕೆ ಸಿಕ್ಕ ಆ ಇಲಿಗಳ ಅಡ್ರಿನಲ್ ಗ್ರಂಥಿ ಸಣ್ಣದಾಗಿರಲಿಲ್ಲ, ದೊಡ್ಡದಾಗಿತ್ತು. ಕೆಲಸ ಜಾಸ್ತಿ ಬಿದ್ದಾಗ ಗ್ರಂಥಿ ಬೆಳೆಯುತ್ತದೆ.

2016ರಲ್ಲಿ ಬ್ರೆಜಿಲ್‌ನ ಇಬ್ಬರು ಹಾರ್ಮೋನ್ ತಜ್ಞರು ಈ ಬಗ್ಗೆ ನಡೆದಿದ್ದ 58 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದರು. ಸುಸ್ತಿಗೂ ಕಾರ್ಟಿಸೋಲ್ ಮಟ್ಟಕ್ಕೂ ಒಂದೇ ತೆರನಾದ ಸಂಬಂಧ ಸಿಗಲೇ ಇಲ್ಲ. ಒಂದು ಕಡೆ ಕಮ್ಮಿ, ಇನ್ನೊಂದು ಕಡೆ ಜಾಸ್ತಿ, ಬಹಳ ಕಡೆ ವ್ಯತ್ಯಾಸವೇ ಇಲ್ಲ. ಹೀಗೊಂದು ಕಾಯಿಲೆ ಇದೆ ಅನ್ನಲು ಆಧಾರವಿಲ್ಲ ಅಂತ ಅವರು ಬರೆದರು. ಹಾರ್ಮೋನ್ ವೈದ್ಯರ ಸಂಘಗಳ ನಿಲುವೂ ಅದೇ.

ಯಾಕೆ ಬತ್ತುವುದಿಲ್ಲ ಅಂತ ಅರ್ಥವಾಗಬೇಕಾದರೆ ಗ್ರಂಥಿ ಹೇಗೆ ಕೆಲಸ ಮಾಡುತ್ತದೆ ಅಂತ ಸ್ವಲ್ಪ ತಿಳಿಯಬೇಕು. ಎರಡು ಕಿಡ್ನಿಗಳ ತಲೆಯ ಮೇಲೆ ಒಂದೊಂದು ಕೂತಿವೆ. ಒಂದೊಂದರ ತೂಕ ನಾಲ್ಕೈದು ಗ್ರಾಂ ಅಷ್ಟೇ. ಒಳತಿರುಳು ಅಡ್ರಿನಲಿನ್ ಬಿಡುತ್ತದೆ. ಹಿಂದಿನಿಂದ ಯಾರೋ ಜೋರಾಗಿ ಹಾರ್ನ್ ಹೊಡೆದಾಗ ಎದೆ ಡವಗುಟ್ಟುತ್ತದಲ್ಲ, ಅದು ಇದರ ಕೆಲಸ. ಹೊರಪದರ ಕಾರ್ಟಿಸೋಲ್ ತಯಾರಿಸುತ್ತದೆ, ಜೊತೆಗೆ ಉಪ್ಪು ನೀರಿನ ಲೆಕ್ಕ ನೋಡುವ ಆಲ್ಡೋಸ್ಟಿರೋನ್ ಕೂಡ.

ಕಾರ್ಟಿಸೋಲನ್ನು ಈ ಗ್ರಂಥಿ ಕೂಡಿಟ್ಟುಕೊಳ್ಳುವುದಿಲ್ಲ. ಮೆದುಳಿನ ಹೈಪೋಥಲಾಮಸ್ ಎಂಬ ಭಾಗ ಅದರ ಕೆಳಗಿರುವ ಪಿಟ್ಯುಟರಿ ಗ್ರಂಥಿಗೆ ಹೇಳುತ್ತದೆ, ಪಿಟ್ಯುಟರಿ ಎಸಿಟಿಎಚ್ ಎಂಬ ಹಾರ್ಮೋನನ್ನು ರಕ್ತಕ್ಕೆ ಬಿಡುತ್ತದೆ. ಅದು ಬಂದು ತಲುಪಿದ ಮೇಲೆ ಗ್ರಂಥಿ ಕೊಲೆಸ್ಟರಾಲ್‌ನಿಂದ ಹೊಸದಾಗಿ ಕಾರ್ಟಿಸೋಲ್ ಮಾಡಿ ಕೊಡುತ್ತದೆ. ದಾಸ್ತಾನೇ ಇಲ್ಲದ ಮೇಲೆ ಖಾಲಿಯಾಗುವ ಮಾತೆಲ್ಲಿ? ಸಾಮಾನ್ಯ ದಿನದಲ್ಲಿ 10ರಿಂದ 15 ಮಿಲಿಗ್ರಾಂ ತಯಾರಾಗುತ್ತದೆ. ದೊಡ್ಡ ಆಪರೇಷನ್ ಆದಾಗ, ತೀವ್ರ ಸೋಂಕು ತಗುಲಿದಾಗ ಅದರ ಹಲವು ಪಟ್ಟು ತಯಾರಾಗುತ್ತದೆ. ಐಸಿಯುನಲ್ಲಿ ವಾರಗಟ್ಟಲೆ ಜೀವಕ್ಕೆ ಸೆಣಸಿ ಬಂದವರನ್ನು ನೋಡಿದ್ದೇನೆ. ಅಷ್ಟು ದೊಡ್ಡ ಒತ್ತಡ ಕಳೆದ ಮೇಲೂ ಅವರ ಗ್ರಂಥಿ ಸಾಮಾನ್ಯವಾಗಿ ಸರಿಯಾಗಿಯೇ ಇರುತ್ತದೆ.

ಹಾಗಾದರೆ ನಿಮಗೆ ಆಗುತ್ತಿರುವುದೇನು? ದೀರ್ಘ ಒತ್ತಡ ಕೆಡಿಸುವುದು ಗ್ರಂಥಿಯನ್ನಲ್ಲ, ಅದರ ಹೊತ್ತುಗೊತ್ತನ್ನು. ಕಾರ್ಟಿಸೋಲ್ ಇಡೀ ದಿನ ಒಂದೇ ಮಟ್ಟದಲ್ಲಿ ಇರುವುದಿಲ್ಲ. ನಸುಕಿನಲ್ಲಿ ಏರತೊಡಗುತ್ತದೆ. ಎಚ್ಚರವಾದ ಮೇಲೆ ಅರ್ಧ ಮುಕ್ಕಾಲು ಗಂಟೆಯಲ್ಲಿ ಇನ್ನೊಂದು ಜಿಗಿತ. ಆಮೇಲೆ ಇಳಿಯುತ್ತಾ ಇಳಿಯುತ್ತಾ ನಡುರಾತ್ರಿಯ ಹೊತ್ತಿಗೆ ತಳ ಮುಟ್ಟುತ್ತದೆ. ಬೆಳಿಗ್ಗೆ ಎಬ್ಬಿಸುವುದು ಆ ಏರು, ರಾತ್ರಿ ಮಲಗಲು ಬಿಡುವುದು ಆ ಇಳಿತ. ತಿಂಗಳುಗಟ್ಟಲೆ ಒತ್ತಡದಲ್ಲಿರುವ ಹಲವರಲ್ಲಿ ಈ ಏರಿಳಿತ ಚಪ್ಪಟೆಯಾಗುತ್ತದೆ. ಬೆಳಿಗ್ಗೆ ಏರಬೇಕಾದಷ್ಟು ಏರುವುದಿಲ್ಲ, ರಾತ್ರಿ ಇಳಿಯಬೇಕಾದಷ್ಟು ಇಳಿಯುವುದಿಲ್ಲ. ಕೆಲವರಲ್ಲಿ ಮೆದುಳೇ ತನ್ನ ಆಜ್ಞೆಯನ್ನು ತುಸು ತಗ್ಗಿಸಿಬಿಡುತ್ತದೆ. ಆಗ ಕಾರ್ಟಿಸೋಲ್ ಸ್ವಲ್ಪ ಕಮ್ಮಿ ಕಾಣಬಹುದು. ಆದರೆ ಅಂಥವರಿಗೆ ಹೊರಗಿನಿಂದ ಎಸಿಟಿಎಚ್ ಕೊಟ್ಟು ನೋಡಿದರೆ ಗ್ರಂಥಿ ಸರಿಯಾಗಿ ಉತ್ತರ ಕೊಡುತ್ತದೆ.

ಇನ್ನೂ ಒಂದು ಸಂಗತಿ ಇದೆ. ಕಾರ್ಟಿಸೋಲ್ ರಕ್ತದಲ್ಲಿ ಇದ್ದರೆ ಸಾಲದು, ಜೀವಕೋಶಗಳು ಅದರ ಮಾತು ಕೇಳಬೇಕು. ಒತ್ತಡ ಬಹಳ ದಿನ ಎಳೆದಾಗ ರೋಗನಿರೋಧಕ ಕೋಶಗಳು ಅದಕ್ಕೆ ಕಿವಿಗೊಡುವುದು ಕಮ್ಮಿಯಾಗುತ್ತದೆ. ಉರಿಯೂತ ಉಂಟುಮಾಡುವ ರಾಸಾಯನಿಕಗಳು ಸಣ್ಣಗೆ ಹರಿಯುತ್ತಲೇ ಇರುತ್ತವೆ. ಜ್ವರ ಬಂದಾಗ ಮೈ ಭಾರವಾಗಿ, ಯಾವುದರಲ್ಲೂ ಆಸಕ್ತಿ ಇಲ್ಲದೆ ಮುದುಡಿ ಮಲಗಬೇಕು ಅನಿಸುತ್ತದೆ, ಅಲ್ವಾ? ಆ ಭಾವಕ್ಕೆ ಕಾರಣವೂ ಇದೇ ಜಾತಿಯ ರಾಸಾಯನಿಕಗಳು. ಸಿಹಿ ಬೇಕೆನಿಸುವುದೂ ಇದರ ಜೊತೆಗೇ ಬರುತ್ತದೆ. ನಿದ್ದೆಗೆಟ್ಟ ದೇಹ ಸಿಹಿ, ಜಿಡ್ಡನ್ನು ಜಾಸ್ತಿ ಕೇಳುತ್ತದೆ.

ಇದಕ್ಕೆಲ್ಲ ಮೇಲೆ ನಿಮ್ಮ ನಿದ್ದೆ. ಎಂಟು ಗಂಟೆ ಹಾಸಿಗೆಯಲ್ಲಿರುತ್ತೇನೆ ಅಂದಿದ್ದೀರಿ. ಆ ಎಂಟು ಗಂಟೆಯಲ್ಲಿ ಅಮ್ಮನಿಗಾಗಿ ಎಷ್ಟು ಸಲ ಏಳುತ್ತೀರಿ ಅಂತ ಬರೆದಿಲ್ಲ. ಏಳದೇ ಇದ್ದ ಹೊತ್ತಲ್ಲೂ ಅರ್ಧ ಕಿವಿ ಅವರ ಕಡೆಗೇ ಇರುತ್ತದೆ. ತುಂಡು ತುಂಡಾದ ಎಂಟು ಗಂಟೆ ನಿದ್ದೆ ಆರು ಗಂಟೆಯ ಒಂದೇ ನಿದ್ದೆಗೆ ಸಮವಲ್ಲ. ಮಧ್ಯಾಹ್ನ ಮೂರರ ಕಾಫಿಯನ್ನೂ ಲೆಕ್ಕಕ್ಕೆ ತಗೊಳ್ಳಿ. ಅದರ ಕೆಫೀನ್ ಅರ್ಧಕ್ಕೆ ಇಳಿಯಲು ಸುಮಾರು ಐದು ಗಂಟೆ ಬೇಕು, ಕೆಲವರಿಗೆ ಇನ್ನೂ ಜಾಸ್ತಿ. ರಾತ್ರಿ ಹತ್ತೂವರೆಯ ಚುರುಕಿನಲ್ಲಿ ಅದರ ಪಾಲೂ ಇದೆ. ದಿನವಿಡೀ ಬೇರೆಯವರಿಗಾಗಿ ಓಡಿ, ಆ ಹೊತ್ತಿಗೆ ಮಾತ್ರ ನಿಮಗೆ ನೀವು ಸಿಗುತ್ತೀರಿ. ಅದಕ್ಕೂ ಎಚ್ಚರ ಜಾಸ್ತಿಯಾಗಬಹುದು.

ಈಗ ಆ ಜೊಲ್ಲು ಪರೀಕ್ಷೆ. ಜೊಲ್ಲಿನಲ್ಲಿ ಕಾರ್ಟಿಸೋಲ್ ಅಳೆಯುವುದು ಮೋಸವಲ್ಲ, ನಾವೂ ಮಾಡಿಸುತ್ತೇವೆ. ಆದರೆ ಅದು ಕಾರ್ಟಿಸೋಲ್ ವಿಪರೀತ ಜಾಸ್ತಿಯಾಗುವ ಕುಶಿಂಗ್ ಕಾಯಿಲೆ ಹುಡುಕಲು. ರಾತ್ರಿ ಹನ್ನೊಂದು ಹನ್ನೆರಡರ ಹೊತ್ತಿಗೆ ಇಳಿದಿರಬೇಕಾದದ್ದು ಇಳಿದಿಲ್ಲ ಅಂತ ತೋರಿಸಲು. ನಾಲ್ಕು ಹೊತ್ತಿನ ಗ್ರಾಫ್ ಹಾಕಿ 'ನಿಮ್ಮದು ಇಂಥ ಹಂತ' ಅನ್ನಲು ಅದರಿಂದ ಆಗುವುದಿಲ್ಲ. ಹಿಂದಿನ ರಾತ್ರಿ ನಿದ್ದೆ ಕೆಟ್ಟರೆ, ತಡವಾಗಿ ಎದ್ದರೆ, ಒಸಡಿನಿಂದ ರಕ್ತ ಬಂದರೆ ಅಂಕಿ ಬದಲಾಗುತ್ತದೆ. ಪ್ರಶ್ನಾವಳಿಯಂತೂ ಬಿಡಿ. 'ಬೆಳಿಗ್ಗೆ ಸುಸ್ತೇ? ಸಿಹಿ ಬೇಕೆನಿಸುತ್ತದೆಯೇ? ಬೇಗ ಸಿಡುಕುತ್ತೀರಾ?' ಅಂತ ಕೇಳಿದರೆ ನಾನೂ ಪಾಸಾಗುತ್ತೇನೆ.

ಕ್ಯಾಪ್ಸೂಲ್ ವಿಷಯದಲ್ಲಿ ಸ್ವಲ್ಪ ಗಟ್ಟಿಯಾಗಿಯೇ ಹೇಳಬೇಕು. 2018ರಲ್ಲಿ ಅಮೆರಿಕದಲ್ಲಿ 'ಅಡ್ರಿನಲ್ ಸಪೋರ್ಟ್' ಅಂತ ಮಾರುತ್ತಿದ್ದ 12 ಉತ್ಪನ್ನಗಳನ್ನು ಪರೀಕ್ಷಿಸಿದ ಫಲಿತಾಂಶ ಪ್ರಕಟವಾಯಿತು. ಹನ್ನೆರಡರಲ್ಲೂ ಥೈರಾಯ್ಡ್ ಹಾರ್ಮೋನ್ ಇತ್ತು. ಅರ್ಧಕ್ಕಿಂತ ಹೆಚ್ಚಿನವುಗಳಲ್ಲಿ ಒಂದಾದರೂ ಸ್ಟೀರಾಯ್ಡ್ ಹಾರ್ಮೋನ್ ಇತ್ತು. ನುಂಗಿದವರಿಗೆ ಕೆಲವು ದಿನ ಚೈತನ್ಯ ಬಂದ ಹಾಗೆ ಅನಿಸಿದ್ದರೆ ಆಶ್ಚರ್ಯವೇನು? ಆದರೆ ಹೊರಗಿನಿಂದ ಸ್ಟೀರಾಯ್ಡ್ ಬರತೊಡಗಿದರೆ ಪಿಟ್ಯುಟರಿ ಆಜ್ಞೆ ಕೊಡುವುದನ್ನು ಕಮ್ಮಿ ಮಾಡುತ್ತದೆ. ಅಡ್ರಿನಲ್‌ಗೆ ಬಲ ಕೊಡುತ್ತೇವೆ ಅನ್ನುವ ಮಾತ್ರೆಯೇ ಅಡ್ರಿನಲನ್ನು ಮಲಗಿಸಬಹುದು.

ಗಿಡಮೂಲಿಕೆ ಅಂದ ಮಾತ್ರಕ್ಕೆ ಎಲ್ಲವೂ ನಿರಪಾಯವಲ್ಲ. ಅತಿಮಧುರವನ್ನು ಜಾಸ್ತಿ ದಿನ ತಗೊಂಡರೆ ಬಿಪಿ ಏರುತ್ತದೆ, ಪೊಟ್ಯಾಶಿಯಂ ಇಳಿಯುತ್ತದೆ. ಕಿಡ್ನಿಯಲ್ಲಿ ಕಾರ್ಟಿಸೋಲನ್ನು ನಿಷ್ಕ್ರಿಯ ಮಾಡುವ ಕಿಣ್ವವನ್ನು ಅದು ತಡೆಯುತ್ತದೆ. ಅಶ್ವಗಂಧದಿಂದ ಒತ್ತಡ, ನಿದ್ದೆಗೆ ಸ್ವಲ್ಪ ಅನುಕೂಲವಾದದ್ದು ಕೆಲವು ಸಣ್ಣ ಪ್ರಯೋಗಗಳಲ್ಲಿ ಕಂಡಿದೆ. ಆದರೆ ಲಿವರ್‌ಗೆ ಪೆಟ್ಟಾದದ್ದು, ಥೈರಾಯ್ಡ್ ಹಾರ್ಮೋನ್ ಏರಿದ್ದು ಕೂಡ ವರದಿಯಾಗಿದೆ. ತಗೊಳ್ಳಲೇಬೇಕು ಅನಿಸಿದರೆ ನಿಮ್ಮ ಡಾಕ್ಟರಿಗೆ ಹೇಳಿ ತಗೊಳ್ಳಿ. ನಿಮ್ಮ ಈಗಿನ ಸ್ಥಿತಿಯಲ್ಲಿ, ಮುಂದೆ ಹೇಳುವ ಟೆಸ್ಟ್ ಮುಗಿಯುವ ತನಕವಂತೂ ನಾನು ಎರಡನ್ನೂ ಬೇಡ ಅನ್ನುತ್ತೇನೆ. ಸುಸ್ತಿಗೆ ಅಂತ ಕಮ್ಮಿ ಪ್ರಮಾಣದ ಹೈಡ್ರೋಕಾರ್ಟಿಸೋನ್ (ಕಾರ್ಟಿಸೋಲ್‌ನ ಔಷಧ ರೂಪ) ಬರೆದುಕೊಡುವವರೂ ಇದ್ದಾರೆ. ಮೊದಲ ಕೆಲವು ವಾರ ಚೆನ್ನಾಗಿಯೇ ಅನಿಸುತ್ತದೆ. ಬಿಡಲು ಹೊರಟಾಗ ಕಷ್ಟ ಶುರುವಾಗುತ್ತದೆ. ಮುಂದುವರಿಸಿದರೆ ಮೂಳೆ, ಶುಗರ್, ಬಿಪಿಗೆ ಅಪಾಯ.

ಹಾಗಾದರೆ ಅಡ್ರಿನಲ್ ಗ್ರಂಥಿ ನಿಜವಾಗಿ ಸೋಲುವುದೇ ಇಲ್ಲವೇ? ಸೋಲುತ್ತದೆ. 1855ರಲ್ಲಿ ಲಂಡನ್ನಿನ ವೈದ್ಯ ಥಾಮಸ್ ಅಡಿಸನ್ ಆ ಕಾಯಿಲೆಯನ್ನು ವಿವರಿಸಿದರು, ಹೆಸರೂ ಅವರದೇ. ದೇಹದ ರಕ್ಷಣಾ ವ್ಯವಸ್ಥೆ ತನ್ನದೇ ಗ್ರಂಥಿಯ ಮೇಲೆ ತಿರುಗಿಬಿದ್ದರೆ, ಅಥವಾ ಕ್ಷಯದಂಥ ಸೋಂಕು ಹೊಕ್ಕರೆ, ಹೊರಪದರ ನಾಶವಾಗುತ್ತಾ ಹೋಗುತ್ತದೆ. ಸುಮಾರು ನೂರಕ್ಕೆ 90ರಷ್ಟು ಹೋದ ಮೇಲೆಯೇ ಲಕ್ಷಣ ಸ್ಪಷ್ಟವಾಗುತ್ತದೆ. ಸುಸ್ತು ಇರುತ್ತದೆ, ಆದರೆ ಅದೊಂದೇ ಇರುವುದು ಅಪರೂಪ. ತೂಕ ಇಳಿಯುತ್ತದೆ. ಹಸಿವು ಹೋಗುತ್ತದೆ, ವಾಕರಿಕೆ ಬರುತ್ತದೆ. ಎದ್ದು ನಿಂತರೆ ತಲೆ ಸುತ್ತುತ್ತದೆ. ಉಪ್ಪು ತಿನ್ನಬೇಕು ಅನಿಸುತ್ತದೆ. ಅಂಗೈ ಗೆರೆಗಳು, ಒಸಡು, ಹಳೆಯ ಗಾಯದ ಕಲೆಗಳು ಕಪ್ಪಾಗುತ್ತವೆ. ನೀವು ಬರೆದದ್ದರಲ್ಲಿ ಇವು ಯಾವುವೂ ಇಲ್ಲ. ಆದ್ದರಿಂದ ಅಡಿಸನ್ ಕಾಯಿಲೆಯ ಸಾಧ್ಯತೆ ನನಗೆ ಬಹಳ ಕಮ್ಮಿ ಅನಿಸುತ್ತದೆ.

ಸ್ಟೀರಾಯ್ಡ್ ಮಾತ್ರೆಯ ವಿಷಯ ಬೇರೆ. ಅಡ್ರಿನಲ್ ಕೆಲಸ ಕಮ್ಮಿಯಾಗಲು ಇಡೀ ಜಗತ್ತಿನಲ್ಲಿ ಅತಿ ಸಾಮಾನ್ಯ ಕಾರಣವೇ ಹೊರಗಿನ ಸ್ಟೀರಾಯ್ಡ್. ಪ್ರೆಡ್ನಿಸೋಲೋನ್‌ನಂಥ ಮಾತ್ರೆಯನ್ನು ಮೂರು ನಾಲ್ಕು ವಾರಕ್ಕಿಂತ ಹೆಚ್ಚು ಸತತ ತಗೊಂಡರೆ ಪಿಟ್ಯುಟರಿ ತಣ್ಣಗಾಗಬಹುದು. ಆಗ ಗ್ರಂಥಿ ಕೆಲಸವಿಲ್ಲದೆ ಕುಗ್ಗುತ್ತದೆ. ಒಂದು ವಾರದ ಕೋರ್ಸ್ ಒಮ್ಮೆ ತಗೊಂಡರೆ ಸಾಮಾನ್ಯವಾಗಿ ಚಿಂತೆಯಿಲ್ಲ. ವರ್ಷದಲ್ಲಿ ಐದಾರು ಸಲ ತಗೊಂಡು, ಅದರ ಮೇಲೆ ದಿನಾ ಇನ್ಹೇಲರ್ ಕೂಡ ಇದ್ದರೆ (ಆಸ್ತಮಾಕ್ಕೆ ದಿನಾ ಕೊಡುವ ಇನ್ಹೇಲರಿನಲ್ಲೂ ಸಾಮಾನ್ಯವಾಗಿ ಸ್ಟೀರಾಯ್ಡ್ ಇರುತ್ತದೆ), ಅದರಲ್ಲೂ ಇನ್ಹೇಲರ್ ಡೋಸ್ ಜಾಸ್ತಿಯಿದ್ದರೆ, ಒಮ್ಮೆ ಪರೀಕ್ಷಿಸಿ ನೋಡುವುದು ನ್ಯಾಯ. ಕೀಲಿಗೆ ಹಾಕಿಸಿಕೊಂಡ ಸ್ಟೀರಾಯ್ಡ್ ಇಂಜೆಕ್ಷನ್, ಬಹಳ ದಿನ ಹಚ್ಚಿದ ಪ್ರಬಲ ಸ್ಟೀರಾಯ್ಡ್ ಮುಲಾಮು ಕೂಡ ಇದೇ ಲೆಕ್ಕಕ್ಕೆ ಸೇರುತ್ತವೆ. ಅಂಥದ್ದು ಇದ್ದರೆ ಅದನ್ನೂ ಡಾಕ್ಟರಿಗೆ ಹೇಳಿ.

ಇದನ್ನು ಓದಿ ಇನ್ಹೇಲರ್ ನಿಲ್ಲಿಸಿಬಿಟ್ಟೀರಿ, ಜೋಕೆ. ಹತೋಟಿ ತಪ್ಪಿದ ಆಸ್ತಮಾ ಜೀವಕ್ಕೇ ಅಪಾಯ. ಇನ್ಹೇಲರ್ ಸರಿಯಾಗಿ ಎಳೆದುಕೊಂಡರೆ ಮಾತ್ರೆ ತಗೊಳ್ಳುವ ಸಂದರ್ಭವೇ ಕಮ್ಮಿಯಾಗುತ್ತದೆ. ವರ್ಷಕ್ಕೆ ಐದಾರು ಕೋರ್ಸ್ ಬೇಕಾಗಿದೆ ಅಂದರೆ ನಿಮ್ಮ ಆಸ್ತಮಾ ಚಿಕಿತ್ಸೆಯನ್ನೇ ಮತ್ತೊಮ್ಮೆ ನೋಡಬೇಕು. ಶ್ವಾಸಕೋಶದ ಡಾಕ್ಟರ ಮುಂದೆ ಇನ್ಹೇಲರ್ ಹೇಗೆ ತಗೊಳ್ಳುತ್ತೀರಿ ಅಂತ ಒಮ್ಮೆ ಮಾಡಿ ತೋರಿಸಿ. ರಾತ್ರಿ ಕೆಮ್ಮಿ ಕೆಮ್ಮಿ ನಿದ್ದೆ ಕೆಡುತ್ತಿದ್ದರೆ ಸುಸ್ತಿಗೆ ಅದೇ ಒಂದು ದೊಡ್ಡ ಕಾರಣ. ಅಲರ್ಜಿಗೆ ಅಂತ ನಿದ್ದೆ ಬರಿಸುವ ಮಾತ್ರೆ ತಗೊಳ್ಳುತ್ತಿದ್ದರೆ ಬೆಳಗಿನ ಮಂಪರಿಗೆ ಅದೂ ಕಾರಣವಿರಬಹುದು.

ನಿಮ್ಮ 7.8ರ ವಿಷಯ. ರಿಪೋರ್ಟಿನಲ್ಲಿ ರಕ್ತ ತೆಗೆದ ಸಮಯ ಬೆಳಿಗ್ಗೆ 11.40 ಅಂತಿದೆ. ಆ ಹೊತ್ತಿಗೆ ಕಾರ್ಟಿಸೋಲ್ ಇಳಿಮುಖವಾಗಿರುತ್ತದೆ. ಹಾಗಾಗಿ ಆ ಅಂಕಿಯಿಂದ ಗ್ರಂಥಿ ಸೋತಿದೆ ಅನ್ನಲೂ ಆಗದು, ಚೆನ್ನಾಗಿದೆ ಅನ್ನಲೂ ಆಗದು. ಬೆಳಿಗ್ಗೆ 8ರಿಂದ 9ರ ಒಳಗೆ ಮತ್ತೆ ಮಾಡಿಸಿ. ಸ್ಟೀರಾಯ್ಡ್ ತಗೊಂಡವರಲ್ಲಿ ಈ ಹೊತ್ತಿನ ಅಂಕಿ 10 ಮೈಕ್ರೋಗ್ರಾಂ ದಾಟಿದ್ದರೆ ಗ್ರಂಥಿ ಎದ್ದು ಕೂತಿದೆ ಅಂತ ಸಾಮಾನ್ಯವಾಗಿ ಹೇಳಬಹುದು. 5ಕ್ಕಿಂತ ಕೆಳಗಿದ್ದರೆ ಅದು ಇನ್ನೂ ಮಲಗಿದೆ ಅನ್ನುವ ಅನುಮಾನ ಜಾಸ್ತಿ. ನಡುವೆ ಇದ್ದರೆ ಎಸಿಟಿಎಚ್ ಇಂಜೆಕ್ಷನ್ ಕೊಟ್ಟು ಅರ್ಧ ಗಂಟೆ, ಒಂದು ಗಂಟೆ ಬಿಟ್ಟು ಮತ್ತೆ ರಕ್ತ ತೆಗೆದು ನೋಡುತ್ತೇವೆ. ಗರ್ಭನಿರೋಧಕ ಮಾತ್ರೆ ತಗೊಳ್ಳುತ್ತಿದ್ದರೆ ಮೊದಲೇ ಹೇಳಿ. ಅದರಲ್ಲಿನ ಈಸ್ಟ್ರೋಜೆನ್ ಕಾರ್ಟಿಸೋಲ್ ಅಂಕಿಯನ್ನು ಸುಮ್ಮನೆ ಏರಿಸಿ ತೋರಿಸುತ್ತದೆ. ಕೂದಲಿಗೆ ಅಂತ ಬಯೋಟಿನ್ ತಗೊಳ್ಳುವವರೂ ಹೇಳಬೇಕು. ಅದು ಕೆಲವು ಹಾರ್ಮೋನ್ ಟೆಸ್ಟುಗಳ ಅಂಕಿ ಕೆಡಿಸುತ್ತದೆ.

ಅದೇ ರಕ್ತದಲ್ಲಿ ಇನ್ನೂ ಕೆಲವನ್ನು ನೋಡಿಸಿ. ನಿಮ್ಮ ವಯಸ್ಸಿನ ಹೆಂಗಸರಲ್ಲಿ ಕಬ್ಬಿಣಾಂಶದ ಕೊರತೆ ತುಂಬಾ ಸಾಮಾನ್ಯ. ಹಿಮೋಗ್ಲೋಬಿನ್ ಸರಿಯಿದ್ದರೂ ಫೆರಿಟಿನ್ (ದೇಹದಲ್ಲಿ ಕೂಡಿಟ್ಟ ಕಬ್ಬಿಣದ ಅಳತೆ) 30ಕ್ಕಿಂತ ಕಮ್ಮಿಯಿದ್ದರೆ ಸುಸ್ತಿಗೆ ಅದು ಕಾರಣವಾಗಬಹುದು. ಥೈರಾಯ್ಡ್, ಬಿ12, ಶುಗರ್, ಸೋಡಿಯಂ ಪೊಟ್ಯಾಶಿಯಂ, ಲಿವರ್ ಕಿಡ್ನಿ ಇಷ್ಟು ಸಾಕು. ಜೋರಾಗಿ ಗೊರಕೆ ಹೊಡೆಯುತ್ತೀರಿ ಅಂತ ಮನೆಯವರು ಹೇಳಿದ್ದರೆ ಅದನ್ನೂ ಡಾಕ್ಟರಿಗೆ ಹೇಳಿ, ನಿದ್ದೆಯಲ್ಲಿ ಉಸಿರು ಕಟ್ಟುತ್ತಿರಬಹುದು. ಮುಟ್ಟು ಏರುಪೇರಾಗಿದ್ದರೆ ಅದನ್ನೂ ಮರೆಯಬೇಡಿ.

ಖಿನ್ನತೆಯ ಬಗ್ಗೆ ಕೇಳಿದರೆ ನೋಯಬೇಡಿ. ಇಷ್ಟು ದಿನ ಒಬ್ಬರೇ ಆರೈಕೆ ಮಾಡಿದವರಲ್ಲಿ ಅದು ಅಪರೂಪವಲ್ಲ. ಬಹಳ ಸಲ ಅಳುವಿನ ರೂಪದಲ್ಲಿ ಬರುವುದೂ ಇಲ್ಲ, ಸುಸ್ತಿನ ರೂಪದಲ್ಲೇ ಬರುತ್ತದೆ. ಮೊದಲು ಇಷ್ಟವಾಗುತ್ತಿದ್ದದ್ದು ಈಗಲೂ ಇಷ್ಟವಾಗುತ್ತದೆಯೇ ಅಂತ ನಿಮ್ಮನ್ನೇ ಕೇಳಿಕೊಳ್ಳಿ. ಇಲ್ಲ ಅನ್ನುವ ಉತ್ತರ ಬಂದರೆ ಮಾತಿನ ಚಿಕಿತ್ಸೆ ಇದೆ, ಮಾತ್ರೆಯೂ ಇದೆ. ಮಾತ್ರೆಗೆ ಮೊದಲ ಕೆಲವು ದಿನ ವಾಕರಿಕೆ, ತಳಮಳ ಬರಬಹುದು, ಗುಣ ಕಾಣಲು ಕೆಲವು ವಾರ ಬೇಕು. ಬಿಡುವಾಗಲೂ ನಿಧಾನವಾಗಿ ಬಿಡಬೇಕು.

'ಟೆನ್ಷನ್ ಬಿಡಿ' ಅಂತ ನಾನು ಹೇಳುವುದಿಲ್ಲ. ಹೇಳಿದ್ದಕ್ಕೆ ಯಾರೂ ಬಿಟ್ಟದ್ದನ್ನು ನೋಡಿಲ್ಲ. ಬದಲಿಗೆ ಒಂದೇ ಒಂದನ್ನು ಮೊದಲು ಕೇಳುತ್ತೇನೆ: ವಾರದಲ್ಲಿ ಎರಡು ಮೂರು ರಾತ್ರಿ ಅಮ್ಮನ ಹೊಣೆ ಬೇರೆಯವರು ಹೊರುವಂತೆ ಆಗುತ್ತದೆಯೇ? ಅಣ್ಣನೋ ತಂಗಿಯೋ, ಸಂಬಳಕ್ಕೆ ಬರುವ ಸಹಾಯಕಿಯೋ. ಆ ರಾತ್ರಿಗಳಲ್ಲಿ ನೀವು ಬೇರೆ ಕೋಣೆಯಲ್ಲಿ, ಬಾಗಿಲು ಹಾಕಿಕೊಂಡು ಮಲಗಿ. ನನ್ನ ಅನುಭವದಲ್ಲಿ ಆರೈಕೆ ಮಾಡುವವರಿಗೆ ಯಾವ ಮಾತ್ರೆಗಿಂತಲೂ ಇದರಿಂದ ಜಾಸ್ತಿ ಗುಣ ಕಂಡಿದೆ. ಇದನ್ನು ಕೇಳಲು ಸಂಕೋಚವಾದರೆ 'ಡಾಕ್ಟರು ಹೇಳಿದ್ದಾರೆ' ಅನ್ನಿ.

ಕಾಫಿಯನ್ನು ಮಧ್ಯಾಹ್ನ ಹನ್ನೆರಡರ ಒಳಗೆ ಮುಗಿಸಿ. ಒಮ್ಮೆಲೇ ಪೂರ್ತಿ ಬಿಟ್ಟರೆ ಎರಡು ದಿನ ತಲೆನೋವು ಬರುತ್ತದೆ, ಹಾಗಾಗಿ ನಿಧಾನಕ್ಕೆ ಕಮ್ಮಿ ಮಾಡಿ. ರಾತ್ರಿ ಹೇಗೇ ಕಳೆದರೂ ಬೆಳಿಗ್ಗೆ ಒಂದೇ ಹೊತ್ತಿಗೆ ಎದ್ದು, ಹೊರಗಿನ ಬೆಳಕಿನಲ್ಲಿ ಹತ್ತು ಹದಿನೈದು ನಿಮಿಷ ನಡೆಯಿರಿ. ಈಗಲೇ ಜಿಮ್ಮಿಗೆ ಸೇರುವುದು ಬೇಡ. ಒಂದು ವಿಷಯ ಗಮನಿಸಿ: ಸಣ್ಣ ಶ್ರಮ ಮಾಡಿದ ಮಾರನೆಯ ದಿನ ಮೇಲೇಳಲಾರದಷ್ಟು ನೆಲಕಚ್ಚುತ್ತಿದ್ದರೆ ನಡಿಗೆ ಹೆಚ್ಚಿಸಬೇಡಿ, ಡಾಕ್ಟರಿಗೆ ಹೇಳಿ. ಅದು ಬೇರೆಯೇ ಕಾಯಿಲೆಯ ಗುರುತಿರಬಹುದು, ಅದಕ್ಕೆ ವ್ಯಾಯಾಮ ಮದ್ದಲ್ಲ. ಇಷ್ಟೆಲ್ಲ ಮಾಡಿದರೂ ವಾರದಲ್ಲಿ ಹೊಸ ಮನುಷ್ಯರಾಗುವುದಿಲ್ಲ. ಎರಡು ವರ್ಷ ಹದಗೆಟ್ಟ ನಿದ್ದೆ ಸರಿಯಾಗಲು ಕೆಲವು ತಿಂಗಳು ಬೇಕಾಗಬಹುದು.

ಕ್ಯಾಪ್ಸೂಲ್ ಇನ್ನೂ ಶುರು ಮಾಡಿಲ್ಲ ಅಂದುಕೊಂಡಿದ್ದೇನೆ. ಈಗಾಗಲೇ ಕೆಲವು ವಾರದಿಂದ ತಗೊಳ್ಳುತ್ತಿದ್ದರೆ ಒಮ್ಮೆಲೇ ನಿಲ್ಲಿಸಬೇಡಿ. ಡಬ್ಬಿ ಹಿಡಿದುಕೊಂಡು ಹಾರ್ಮೋನ್ ಡಾಕ್ಟರ ಹತ್ತಿರ ಹೋಗಿ.

ಬೆಳಗಿನ ಟೆಸ್ಟಿನ ಫಲ ಬರುವ ತನಕ ಒಂದು ಎಚ್ಚರ ಇರಲಿ. ಜೋರು ಜ್ವರ, ನಿಲ್ಲದ ವಾಂತಿ, ಬಿಪಿ ಕುಸಿದು ಕಣ್ಣುಕತ್ತಲೆ ಬರುವುದು, ಇಂಥದ್ದೇನಾದರೂ ಆದರೆ ಮನೆಯಲ್ಲಿ ಕಾಯಬೇಡಿ. ನೇರ ಎಮರ್ಜೆನ್ಸಿಗೆ ಹೋಗಿ, 'ಹೋದ ವರ್ಷ ಹಲವು ಸಲ ಸ್ಟೀರಾಯ್ಡ್ ಮಾತ್ರೆ ತಗೊಂಡಿದ್ದೆ' ಅನ್ನುವುದನ್ನು ಮೊದಲ ಮಾತಾಗಿ ಹೇಳಿ. ಯಾವುದಾದರೂ ಆಪರೇಷನ್ ಗೊತ್ತಾದರೆ ಅರಿವಳಿಕೆ ಕೊಡುವ ಡಾಕ್ಟರಿಗೂ ಇದನ್ನೇ ಹೇಳಬೇಕು. ಅವರಿಗೆ ಅಷ್ಟು ಗೊತ್ತಾದರೆ ಸಾಕು, ಬೇಕಾದಾಗ 100 ಮಿಲಿಗ್ರಾಂ ಹೈಡ್ರೋಕಾರ್ಟಿಸೋನ್ ಇಂಜೆಕ್ಷನ್ ಕೊಡುತ್ತಾರೆ.